ಕಳವು, ಕುಲ, ಕಥನ: ಚಿಲ್ಲರೆ ಕಳ್ಳತನದ ನಿರೂಪಣೆಗಳ ವಿಮರ್ಶೆ

ಜಾನಪದ ಅಧ್ಯಯನದಲ್ಲಿ ಕಳ್ಳನಿಗೆ ಎರಡು ಬಗೆಯ ಸ್ಥಾನ ದೊರೆತಿದೆ. ಕಥೆಯೊಳಗಿನ ಕಳ್ಳನನ್ನು ವಿದ್ವಾಂಸರು ಜಾಣನೆಂದು ಮೆಚ್ಚುತ್ತಾರೆ. ಕುಲಾಧ್ಯಯನಕ್ಕೆ ಬಂದಾಗ ಅದೇ ವಿದ್ವತ್ತು ಕೆಲವು ಸಮುದಾಯಗಳ ‘ಕಸುಬು’ ಎಂಬ ಶೀರ್ಷಿಕೆಯಡಿ ಕಳ್ಳತನವನ್ನು ನಮೂದಿಸುತ್ತದೆ. ಮೊದಲನೆಯದು ರಂಜನೆಗೆ ಸಂಬಂಧಿಸಿದ ವಿಷಯ. ಎರಡನೆಯದು ಜೀವಂತ ಜನರ ಮಾನಕ್ಕೆ ಸಂಬಂಧಿಸಿದುದು. ಈ ಎರಡು ನಿಲುವುಗಳ ನಡುವಿನ ಅಂತರ ಹೇಗೆ ಉಂಟಾಯಿತು ಎಂಬುದನ್ನು ಸಂತೆ, ಜಾತ್ರೆ, ಅಂಗಡಿಗಳ ಚಿಲ್ಲರೆ ಕಳವನ್ನು ಕೇಂದ್ರದಲ್ಲಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಗಂಟು, ಕಿಸೆ, ಜೇಬು

ಸೆರಗಿನ ತುದಿಗೋ ಪಂಚೆಯ ಅಂಚಿಗೋ ಹಣವನ್ನು ಗಂಟು ಕಟ್ಟಿಕೊಂಡು ಸಂತೆಗೆ ಹೋಗುತ್ತಿದ್ದ ಕಾಲದ ಪದ ‘ಗಂಟುಗಳ್ಳ’. ಸಂಸ್ಕೃತ ಧರ್ಮಶಾಸ್ತ್ರಗಳ ‘ಗ್ರಂಥಿಭೇದಕ’ ಇವನ ಸಂವಾದಿ. ಹೊಲಿದ ಉಡುಪು ರೂಢಿಯಾದಂತೆ ಅರಬ್ಬಿ ಮೂಲದ ‘ಕಿಸೆ’, ‘ಜೇಬು’ ಪದಗಳು ಬಳಕೆಗೆ ಬಂದವು; ಅವುಗಳ ಬೆನ್ನಿಗೆ ‘ಕಿಸೆಗಳ್ಳ’, ‘ಜೇಬುಗಳ್ಳ’ ಪದಗಳು ಹುಟ್ಟಿದವು. ಬಸ್ಸು ರೈಲುಗಳ ಕಾಲಕ್ಕೆ ‘ಪಿಕ್‌ಪಾಕೆಟ್’ ಬಂದಿತು. ಕನ್ನಗಳ್ಳ, ದಾರಿಗಳ್ಳ ಮೊದಲಾದ ಪದಗಳನ್ನೂ ಸೇರಿಸಿ ನೋಡಿದರೆ, ಕನ್ನಡವು ಕಳ್ಳನನ್ನು ಅವನು ಕದ್ದ ವಸ್ತುವಿನಿಂದ, ಕದ್ದ ರೀತಿಯಿಂದ ಅಥವಾ ಕದ್ದ ಸ್ಥಳದಿಂದ ಹೆಸರಿಸುತ್ತದೆ, ಹುಟ್ಟಿನಿಂದ ಹೆಸರಿಸುವುದಿಲ್ಲ. ದುಡಿಮೆಗೆ ತನ್ನ ಮೈಯನ್ನೇ ಮರೆಮಾಡುವವನು ‘ಮೈಗಳ್ಳ’. ಆ ಪದ ಯಾರ ಮೇಲೆ ಬೇಕಾದರೂ ಬೀಳಬಹುದು.

ಗಾದೆಗಳ ನಿಲುವೂ ಬಹುಮಟ್ಟಿಗೆ ಇದೇ. ‘ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಮಾತು ಕದ್ದ ವಸ್ತುವಿನ ಅಲ್ಪತೆಯನ್ನೂ ತೆರಬೇಕಾದ ಬೆಲೆಯ ಹಿರಿತನವನ್ನೂ ಒಟ್ಟಿಗೆ ಹೇಳುತ್ತದೆ. ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬುದರಲ್ಲಿ ಬೂದುಗುಂಬಳದ ಬಿಳಿಪುಡಿ ಸಾಕ್ಷಿಯಾಗುತ್ತದೆ. ನೆರೆದ ಜನರಲ್ಲಿ ಕಳ್ಳನನ್ನು ತೋರಿಸಿಕೊಡುವುದು ಅವನ ಕುಲವಲ್ಲ, ಅವನದೇ ಕೈ.

ಹಾಗೆಂದು ಜನಪದ ನಿರ್ದೋಷಿಯೆಂದು ಭಾವಿಸಬೇಕಾಗಿಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆ ಒಂದು ಇಡೀ ಕಸುಬನ್ನೇ ಹೀಗಳೆಯುತ್ತದೆ. ಆದರೆ ಆ ಗಾದೆಯನ್ನು ಹೇಳಿದ ಊರು ಅಕ್ಕಸಾಲಿಗನ ಮಗನನ್ನು ದಿನವೂ ಚಾವಡಿಗೆ ಕರೆದು ಹಾಜರಿ ತೆಗೆದುಕೊಳ್ಳಲಿಲ್ಲ. ನಿಂದೆ ನಿಂದೆಯಾಗಿ ಉಳಿಯಿತು, ದಾಖಲೆಯಾಗಲಿಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಗ್ರಂಥಿಭೇದಕನಿಗೆ ಮೊದಲ ಸಲ ಬೆರಳುಗಳ ಛೇದ, ಎರಡನೆಯ ಸಲ ಕೈಕಾಲುಗಳ ಛೇದ, ಮೂರನೆಯ ಸಲ ವಧೆ ವಿಧಿಸುತ್ತದೆ. ವರ್ಣಭೇದವನ್ನೇ ಅಡಿಪಾಯವಾಗಿಸಿಕೊಂಡ ಈ ಗ್ರಂಥವೂ ಇಲ್ಲಿ ಎಷ್ಟು ಸಲ ಸಿಕ್ಕಿಬಿದ್ದನೆಂಬುದನ್ನು ಎಣಿಸುತ್ತದೆ. ಕ್ರೌರ್ಯ ಎಷ್ಟೇ ಇರಲಿ, ಶಿಕ್ಷೆ ಕೃತ್ಯವನ್ನು ಹಿಂಬಾಲಿಸುತ್ತದೆ.

2. ವಿದ್ಯೆಯಾದ ಕಳವು

ಶಿಷ್ಟ ಸಾಹಿತ್ಯದಲ್ಲಿ ಕಳ್ಳನು ಉತ್ತಮ ಕುಲದವನಾದಾಗ ಕಳವು ಶಾಸ್ತ್ರವಾಗುತ್ತದೆ. ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ ಬ್ರಾಹ್ಮಣ, ಕನ್ನ ಕೊರೆಯುವಾಗ ಅಳತೆಯ ದಾರವಾಗಿ ಯಜ್ಞೋಪವೀತವನ್ನು ಬಳಸುತ್ತಾನೆ. ‘ವಡ್ಡಾರಾಧನೆ’ಯ ವಿದ್ಯುಚ್ಚೋರ ರಾಜಪುತ್ರ, ಮುಂದೆ ತಳಾರನಾಗುವ ಯಮದಂಡನೊಡನೆ ಬೆಳೆದು ಚೋರವಿದ್ಯೆ ಕಲಿತವನು. ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ಇರುಳು ಕದಿಯುವ ಅವನು ಚಿತ್ರಹಿಂಸೆಗಳನ್ನು ತಾಳಿಕೊಂಡು ಕೊನೆಗೆ ದೀಕ್ಷೆ ಪಡೆದು ಋಷಿಯಾಗುತ್ತಾನೆ. ಈ ಕೃತಿಗಳಲ್ಲಿ ಕಳ್ಳತನ ಒಬ್ಬನ ಬಾಳಿನ ಒಂದು ಘಟ್ಟ ಮಾತ್ರ, ಅದರಾಚೆಗೆ ದಾರಿಯಿದೆ. ಆದರೆ ಆ ದಾರಿ ತೆರೆದುಕೊಳ್ಳುವುದರಲ್ಲಿ ಅವನ ಹುಟ್ಟಿನ ಪಾಲೆಷ್ಟು ಎಂಬ ಪ್ರಶ್ನೆಯನ್ನು ವಿಮರ್ಶೆ ಸಾಕಷ್ಟು ಕೇಳಿಲ್ಲ.

ಜನಪದ ಕಥೆಯ ಜಾಣಗಳ್ಳನಿಗೆ ಇಂತಹ ಆಸರೆಯಿಲ್ಲ. ಅವನು ಸಾಮಾನ್ಯವಾಗಿ ಯಾರದೋ ಮನೆಯ ಕಿರಿಮಗ ಅಥವಾ ಬಡವಿಯೊಬ್ಬಳ ಮಗ. ಕಥೆ ಅವನ ಜಾತಿಯನ್ನು ಹೇಳುವ ಗೋಜಿಗೆ ಹೋಗುವುದಿಲ್ಲ. ರಾಜನ ಕಾವಲನ್ನು ಭೇದಿಸುವ ಮೂಲಕ ಅವನು ಅಧಿಕಾರದ ದಡ್ಡತನವನ್ನು ಬಯಲಿಗೆಳೆಯುತ್ತಾನೆ. ಸ್ಟಿತ್ ಥಾಂಪ್ಸನ್ ತನ್ನ ಆಶಯ ಸೂಚಿಯಲ್ಲಿ ಕಳವಿನ ಆಶಯಗಳನ್ನು ಶಿಕ್ಷೆ, ಪುರಸ್ಕಾರಗಳ ವಿಭಾಗದಲ್ಲಿಡದೆ ವಂಚನೆಯ ‘ಕೆ’ ವಿಭಾಗದಲ್ಲಿ, 300ರಿಂದ 499ರವರೆಗಿನ ಸಂಖ್ಯೆಗಳಲ್ಲಿ ಇಟ್ಟಿರುವುದು ಕಥೆಗಳ ಈ ಒಲವಿಗೆ ಹೊಂದುತ್ತದೆ. ಆದರೆ ಇದೇ ವರ್ಗೀಕರಣ ಕಳವನ್ನು ಬರಿಯ ಚಾತುರ್ಯವಾಗಿ ಕಾಣುವ ಅಭ್ಯಾಸವನ್ನೂ ಬೆಳೆಸಿತು. ಹಸಿವು, ಸಾಲ, ಕಾವಲುಗಳು ಟಿಪ್ಪಣಿಯಿಂದ ಹೊರಗುಳಿದವು.

ಇವೆರಡಕ್ಕಿಂತ ಭಿನ್ನವಾದ ಮೂರನೆಯ ನೆಲೆ ವಚನಕಾರರದು. ಬಸವಣ್ಣನವರು ವಿಧಿಸಿದ ನಿಷೇಧಗಳಲ್ಲಿ ಕಳವಿನದೇ ಮೊದಲನೆಯದು. ಆದರೂ ಹೆಸರಿನಲ್ಲಿಯೇ ಹಳೆಯ ಕಸುಬನ್ನು ಉಳಿಸಿಕೊಂಡ ಕನ್ನದ ಮಾರಿತಂದೆ ಶರಣರ ಸಾಲಿನಲ್ಲಿದ್ದಾನೆ. ಕನ್ನದ ಪರಿಭಾಷೆಯನ್ನೇ ಅನುಭಾವದ ಭಾಷೆಯಾಗಿಸಿಕೊಂಡಿದ್ದಾನೆ. ಕೃತ್ಯವನ್ನು ಕಟುವಾಗಿ ನಿರಾಕರಿಸಿದ ಸಮಾಜವೇ ವ್ಯಕ್ತಿಯನ್ನು ಒಳಗೆ ಬಿಟ್ಟುಕೊಂಡ ನಿದರ್ಶನವಿದು. ಇಲ್ಲಿ ರಾಜಕುಲದ ನೆರವು ಬೇಕಾಗಲಿಲ್ಲ.

3. ಕುಲವಾದ ಕಳವು

ವಸಾಹತು ಪ್ರಭುತ್ವ ಬೇರೆಯದೇ ಆದ ನಿರೂಪಣೆಯನ್ನು ಕಟ್ಟಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಲು ಅವಕಾಶ ನೀಡಿತು. 1911ರ ಕಾಯಿದೆಯ ನಂತರ ಇದು ಮದರಾಸು, ಮುಂಬಯಿ ಪ್ರಾಂತ್ಯಗಳಲ್ಲೂ ಬಲವಾಗಿ ಜಾರಿಗೊಂಡಿತು. ನೋಂದಣಿ, ಹಾಜರಿ, ರಹದಾರಿಗಳ ವ್ಯವಸ್ಥೆ ಬಂದಿತು. ಮುಂಬಯಿ ಕರ್ನಾಟಕದ ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ವಸತಿಗಳನ್ನು ನಿರ್ಮಿಸಿ ಜನರನ್ನು ಕಾವಲಿನಲ್ಲಿ ಇರಿಸಲಾಯಿತು. ಹುಬ್ಬಳ್ಳಿಯ ಜನರ ಬಾಯಲ್ಲಿ ‘ಸೆಟ್ಲಮೆಂಟ್’ ಎಂಬುದು ಇಂದಿಗೂ ಒಂದು ಬಡಾವಣೆಯ ಹೆಸರು.

ಈ ಆಡಳಿತಕ್ಕೆ ಬೇಕಾದ ‘ಜ್ಞಾನ’ವನ್ನು ಒದಗಿಸಿದವರಲ್ಲಿ ಪೊಲೀಸ್ ಅಧಿಕಾರಿಗಳೇ ಮುಂಚೂಣಿಯಲ್ಲಿದ್ದರು. ಮದರಾಸು ಪ್ರಾಂತ್ಯದ ಅಪರಾಧಿ ವರ್ಗಗಳನ್ನು ಕುರಿತ ಮುಲ್ಲಾಲಿಯ ಟಿಪ್ಪಣಿಗಳು 1892ರಲ್ಲಿ ಪ್ರಕಟವಾದವು. ಎಡ್ಗರ್ ಥರ್ಸ್ಟನ್ 1909ರ ತನ್ನ ಏಳು ಸಂಪುಟಗಳಲ್ಲಿ ಕೊರವರನ್ನು ಕುರಿತು ಬರೆಯುವಾಗ ಇಂತಹ ಪೊಲೀಸ್ ಮೂಲಗಳನ್ನು ಧಾರಾಳವಾಗಿ ಬಳಸಿದನು. ದ್ರಾವಿಡ ಭಾಷಾವರ್ಗಕ್ಕೆ ಸೇರಿದ ಮನೆಮಾತು ಇಂತಹ ಬರವಣಿಗೆಯಲ್ಲಿ ಕಳ್ಳರ ಗುಪ್ತಭಾಷೆಯಾಯಿತು; ಅಲೆಮಾರಿತನ ಹೊಂಚುಹಾಕುವಿಕೆಯಾಯಿತು. ಕೊರವರು ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರಿಗೆ ಸಾಗಿಸುತ್ತಿದ್ದ ವ್ಯಾಪಾರಿಗಳಾಗಿದ್ದರು, ರೈಲುಮಾರ್ಗ ಮತ್ತು ಸರ್ಕಾರದ ಉಪ್ಪಿನ ನೀತಿ ಆ ಬದುಕನ್ನು ಮುರಿದವು ಎಂಬುದನ್ನು ಮೀನಾ ರಾಧಾಕೃಷ್ಣ ಅವರ 2001ರ ಅಧ್ಯಯನ ವಿವರವಾಗಿ ತೋರಿಸಿದೆ. ಬದುಕು ಕಿತ್ತುಕೊಂಡವರೇ ಕಳ್ಳರ ಪಟ್ಟಿ ಬರೆದರು.

ಕನ್ನಡ ನೆಲದಲ್ಲಿ ಈ ವೈರುಧ್ಯ ಇನ್ನಷ್ಟು ತೀವ್ರವಾಗಿದೆ. ಕೊರಮ, ಕೊರಚ ಸಮುದಾಯದವರು ತಮ್ಮ ಹಿರಿಯನೆಂದು ಗೌರವಿಸುವ ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆದು ಮಾರಿ ಬದುಕಿದ ಶರಣ. ಸತ್ಯಶುದ್ಧ ಕಾಯಕದಿಂದ ಬಾರದ ಹಣ ಗುರುಲಿಂಗಜಂಗಮಕ್ಕೂ ಸಲ್ಲದೆಂದು ವಾದಿಸಿದವನು. ಯಕ್ಷಗಾನದಲ್ಲಿ ಕಣಿ ಹೇಳಲು ಬರುವ ಕೊರವಂಜಿ ರಂಗದ ಮೇಲೆ ಆದರಕ್ಕೆ ಪಾತ್ರಳು. ಇಂತಹ ಪರಂಪರೆಯ ಜನರ ಬಗ್ಗೆ ಸ್ವಾತಂತ್ರ್ಯೋತ್ತರ ಕುಲಾಧ್ಯಯನಗಳಲ್ಲಿ ಹಲವು ಥರ್ಸ್ಟನ್ನನ ವಾಕ್ಯಗಳನ್ನು ಕ್ಷೇತ್ರಕಾರ್ಯದ ಸತ್ಯವೆಂಬಂತೆ ಉದ್ಧರಿಸಿದವು. ಕಾಯಿದೆ 1952ರಲ್ಲಿ ರದ್ದಾಯಿತು, ಉಲ್ಲೇಖ ರದ್ದಾಗಲಿಲ್ಲ.

ಹೆಸರುಗಳೂ ರದ್ದಾಗಲಿಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಗಂಟಿಚೋರ್’ ಎಂಬ ಹೆಸರಿದೆ. ಶಾಲೆಗೆ ಸೇರುವ ಮಗು ಸೌಲಭ್ಯ ಪಡೆಯಬೇಕಾದರೆ ‘ಚೋರ’ ಎಂಬ ಪದವಿರುವ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಮೊದಲು ಹೇಳಿದಂತೆ ‘ಗಂಟುಗಳ್ಳ’ ಒಂದು ಕೃತ್ಯದ ಹೆಸರು. ‘ಗಂಟಿಚೋರ್’ನಲ್ಲಿ ಅದೇ ಬಗೆಯ ಪದ ಒಂದು ಕುಲದ ಹೆಸರಾಗಿ ಗಟ್ಟಿಗೊಂಡಿದೆ. ನೆರೆಯ ಮರಾಠಿಯಲ್ಲಿ ಲಕ್ಷ್ಮಣ ಗಾಯಕವಾಡರು ಎತ್ತುವವ, ಲಪಟಾಯಿಸುವವ ಎಂಬ ಅರ್ಥದ ಇಂತಹುದೇ ಹೆಸರನ್ನು ತಮ್ಮ ಆತ್ಮಕಥೆಯ ಶೀರ್ಷಿಕೆಯಾಗಿಸಿಕೊಂಡರು. ‘ಉಚಲ್ಯಾ’ 1987ರಲ್ಲಿ ಪ್ರಕಟವಾಗಿ ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪೊಲೀಸರ ಹೊಡೆತ ತಾಳಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಕಾದ ಸ್ಥಿತಿಯನ್ನು ಅದು ದಾಖಲಿಸುತ್ತದೆ. ವಿದ್ಯುಚ್ಚೋರನ ಸಹನೆ ಅವನನ್ನು ಋಷಿಪದವಿಯತ್ತ ಒಯ್ದರೆ, ಈ ಮಕ್ಕಳ ಸಹನೆ ಮರುದಿನದ ಬಂಧನಕ್ಕೆ ಮಾತ್ರ ಸಿದ್ಧತೆಯಾಗಿತ್ತು.

4. ಹುಂಜ ಮತ್ತು ಕಡಲೆಕಾಯಿ

ಕನ್ನಡದ ಆಧುನಿಕ ಗದ್ಯದಲ್ಲಿ ಚಿಲ್ಲರೆ ಕಳವನ್ನು ಈ ಭಾರದಿಂದ ಬಿಡಿಸಿ ನೋಡಿದ ಮುಖ್ಯ ಕೃತಿ ದೇವನೂರ ಮಹಾದೇವ ಅವರ ‘ಒಡಲಾಳ’. ಸಾಕವ್ವ ತನ್ನ ಕಳೆದುಹೋದ ಹುಂಜವನ್ನು ಹುಡುಕುವುದರಿಂದ ಕಥೆ ತೆರೆದುಕೊಳ್ಳುತ್ತದೆ. ಮುಂದೆ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಮೂಟೆ ಮನೆಗೆ ಬರುತ್ತದೆ. ಇಡೀ ಮನೆ ಕುಳಿತು ಇರುಳೆಲ್ಲ ತಿನ್ನುತ್ತದೆ. ಬಳಿಕ ಪೊಲೀಸರು ಶೋಧನೆಗೆ ಬರುತ್ತಾರೆ. ಎರಡು ನಷ್ಟಗಳನ್ನು ಎದುರುಬದುರಾಗಿಡುವ ಈ ರಚನೆ ಗಮನಾರ್ಹ. ಮುದುಕಿಯ ಹುಂಜಕ್ಕೆ ಅವಳ ಕಾಲೇ ತನಿಖಾಧಿಕಾರಿ. ಸಾಹುಕಾರನ ಮೂಟೆಗೆ ಪ್ರಭುತ್ವವೇ ಮನೆಬಾಗಿಲಿಗೆ ಬರುತ್ತದೆ. ತಿನ್ನುವ ಇರುಳಿನ ಚಿತ್ರಣದಲ್ಲಿ ಪಶ್ಚಾತ್ತಾಪವೂ ಇಲ್ಲ, ಸಾಹಸದ ಹೆಮ್ಮೆಯೂ ಇಲ್ಲ. ಹೊಟ್ಟೆ ತುಂಬುವ ಸಂಭ್ರಮವಿದೆ. ಜಾಣಗಳ್ಳನ ಕಥೆ ಬಿಟ್ಟುಬಿಟ್ಟ ಹಸಿವನ್ನು ಈ ಕೃತಿ ಮರಳಿ ತಂದಿದೆ. ಥರ್ಸ್ಟನ್ನನ ಮಾದರಿ ‘ಸ್ವಭಾವ’ವೆಂದು ಕರೆದುದಕ್ಕೆ ಇಲ್ಲಿ ಕಾರಣ ದೊರೆಯುತ್ತದೆ.

5. ಉಪಸಂಹಾರ

ಈ ಚರ್ಚೆ ಹಳೆಯ ಪಠ್ಯಗಳಿಗೆ ಸೀಮಿತವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು, ಐದು ಸಾವಿರ ರೂಪಾಯಿಗಿಂತ ಕಡಿಮೆ ಮೌಲ್ಯದ ವಸ್ತುವನ್ನು ಕದ್ದು ಮೊದಲ ಸಲ ಶಿಕ್ಷೆಗೊಳಗಾದವನು ಅದನ್ನು ಮರಳಿಸಿದರೆ ಸಮುದಾಯ ಸೇವೆಯನ್ನಷ್ಟೇ ವಿಧಿಸುತ್ತದೆ. ಅದೇ ಸಂಹಿತೆಯ 112ನೆಯ ಕಲಮು ಗುಂಪಿನ ಸದಸ್ಯನಾಗಿ ಮಾಡಿದ ಜೇಬುಗಳ್ಳತನವನ್ನು ‘ಸಣ್ಣ ಸಂಘಟಿತ ಅಪರಾಧ’ದಲ್ಲಿ ಸೇರಿಸಿ ಒಂದರಿಂದ ಏಳು ವರ್ಷಗಳ ಸೆರೆವಾಸವನ್ನು ನಿಗದಿಪಡಿಸುತ್ತದೆ. ಒಂದು ಕೃತ್ಯವನ್ನು ನೋಡುತ್ತದೆ, ಇನ್ನೊಂದು ಗುಂಪನ್ನು ನೋಡುತ್ತದೆ. ಗುಂಪು ಯಾವುದೆಂಬ ಪ್ರಶ್ನೆಗೆ ಠಾಣೆಯ ಹಳೆಯ ನೆನಪು ಉತ್ತರ ಹೇಳುವ ಅಪಾಯವಿದೆ. ಕಾರಾಗೃಹ ಕೈಪಿಡಿಗಳಲ್ಲಿ ಜಾತಿಯನ್ನೂ ವಿಮುಕ್ತ ಸಮುದಾಯಗಳನ್ನೂ ಆಧರಿಸಿದ್ದ ತಾರತಮ್ಯವನ್ನು ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರ್ 3ರಂದು ಅಸಿಂಧುಗೊಳಿಸಬೇಕಾಯಿತು ಎಂಬುದೇ ಆ ನೆನಪಿನ ಆಯುಷ್ಯಕ್ಕೆ ಸಾಕ್ಷಿ.

ಜಾನಪದ ವಿದ್ವಾಂಸರ ಹೊಣೆ ಇಲ್ಲಿಯೇ ಇದೆ. ವಸಾಹತು ಕಾಲದ ವಿವರಣೆಗಳನ್ನು ಉದ್ಧರಿಸುವಾಗ ಅವು ಠಾಣೆಯಿಂದ ಬಂದುವೋ ಹಟ್ಟಿಯಿಂದ ಬಂದುವೋ ಎಂದು ಗುರುತಿಸಬೇಕು. ಕುಲಾಧ್ಯಯನಗಳಲ್ಲಿ ಕಳ್ಳತನವನ್ನು ‘ಕಸುಬು’ ಎಂದು ನಮೂದಿಸುವ ಪದ್ಧತಿ ನಿಲ್ಲಬೇಕು. ಸಮುದಾಯಗಳು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರುಗಳನ್ನು ದಾಖಲಿಸಿ ಆಡಳಿತದ ಮುಂದಿಡಬೇಕು. ಕುಂಬಳಕಾಯಿ ಕದ್ದವನ ಹೆಗಲ ಮೇಲಿನ ಪುಡಿಯನ್ನು ಕನ್ನಡದ ಗಾದೆ ಕಂಡಿತು. ಅವನ ಮಗನ ಹೆಗಲನ್ನು ಅದು ಮುಟ್ಟಿ ನೋಡಲಿಲ್ಲ. ವಿದ್ವತ್ತು ಆ ವಿವೇಕವನ್ನಾದರೂ ಉಳಿಸಿಕೊಳ್ಳಬೇಕಾಗಿದೆ.