ವ್ಯಂಗ್ಯರೇಖೆಯ ಇಂದಿರಾ ಮತ್ತು 1978ರ ಚಿಕ್ಕಮಗಳೂರು

ಪ್ರಸಿದ್ಧ ವ್ಯಕ್ತಿಯು ವ್ಯಂಗ್ಯಚಿತ್ರದ ಪಾತ್ರವಾಗುವುದು ಒಂದೆರಡು ಲಕ್ಷಣಗಳ ಉತ್ಪ್ರೇಕ್ಷೆಯಿಂದ. ಮೈಸೂರಿನ ಆರ್.ಕೆ. ಲಕ್ಷ್ಮಣರ ರೇಖೆಗಳಲ್ಲಿ ಇಂದಿರಾ ಗಾಂಧಿಯವರನ್ನು ನೀಳ ನಾಸಿಕದಿಂದಲೇ ಗುರುತಿಸಬಹುದು. ಮೂಡಿಗೆರೆ ತಾಲ್ಲೂಕಿನವರಾದ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಚಿಕ್ಕಮಗಳೂರು ಲೋಕಸಭಾ ಸ್ಥಾನಕ್ಕೆ 1978ರ ನವೆಂಬರ್‌ನಲ್ಲಿ ಇಂದಿರಾ ಸ್ಪರ್ಧಿಸಿದಾಗ ಇದೇ ಕ್ರಿಯೆ ಮಾತಿನಲ್ಲಿ ನಡೆಯಿತು. ಹಿಂದಿ ಘೋಷಣೆಯೊಂದು ಅವರನ್ನು ಒಂಟಿ ಸಿಂಹಿಣಿಯಾಗಿಯೂ ವಿರೋಧಿಗಳನ್ನು ನೂರು ಲಂಗೂರಗಳಾಗಿಯೂ ಚಿತ್ರಿಸಿತು. ವ್ಯಂಗ್ಯಚಿತ್ರದ ಉತ್ಪ್ರೇಕ್ಷೆ ಅಧಿಕಾರಸ್ಥರನ್ನು ಪೀಠದಿಂದ ಇಳಿಸುತ್ತದೆ. ಘೋಷಣೆಯ ಉತ್ಪ್ರೇಕ್ಷೆ 1977ರಲ್ಲಿ ಸೋತಿದ್ದ ನಾಯಕಿಯನ್ನು ಪೀಠಕ್ಕೇರಿಸಿತು. ಸಾಧನ ಒಂದೇ, ಉದ್ದೇಶ ವಿರುದ್ಧ.

ಈ ಶಬ್ದಚಿತ್ರದಲ್ಲಿ ಕಾಫಿನಾಡಿಗೆ ದೊರೆತ ಸ್ಥಾನವಾದರೂ ಏನು? ‘ಲಂಗೂರ್’ ಪದಕ್ಕೆ ‘ಚಿಕ್‌ಮಗಳೂರ್’ ಪ್ರಾಸವಾಯಿತು, ಅಷ್ಟೆ. ಮೂಡಿಗೆರೆ, ಕಳಸದ ತೋಟಗಳ ಕೂಲಿಕಾರರಿಗೆ ಅಲ್ಲಿ ಮುಖವಿಲ್ಲ. ವೀರೇಂದ್ರ ಪಾಟೀಲರ ವಿರುದ್ಧ ದೊರೆತ 70,000ಕ್ಕೂ ಮಿಕ್ಕ ಮತಗಳ ಅಂತರ ಮಾತ್ರ ಇಂಥ ಅನಾಮಿಕರದೇ ಕೊಡುಗೆ. ಡಿಸೆಂಬರ್‌ನಲ್ಲಿ ಲೋಕಸಭೆಯು ಇಂದಿರಾ ಅವರನ್ನು ಉಚ್ಚಾಟಿಸಿದಾಗ ಕ್ಷೇತ್ರವು ಪ್ರತಿನಿಧಿಯನ್ನು ಕಳೆದುಕೊಂಡಿತು, ಪ್ರಾಸ ಉಳಿಯಿತು. ಲಕ್ಷ್ಮಣರು ಪ್ರಸಿದ್ಧರ ಪಕ್ಕದಲ್ಲಿ ಹೆಸರಿಲ್ಲದ ಶ್ರೀಸಾಮಾನ್ಯನನ್ನು ಮೂಕಸಾಕ್ಷಿಯಾಗಿ ನಿಲ್ಲಿಸಿದ್ದರು. ಸಿಂಹಿಣಿಯ ಚಿತ್ರದಲ್ಲಿ ಕಾಣೆಯಾದದ್ದು ಆ ಸಾಕ್ಷಿಯೇ.