ಧಾರಾವಾಹಿಗಳಲ್ಲಿ ಪಾತ್ರಗಾನ

ಟೆಲಿವಿಷನ್ನಿನ ಧಾರಾವಾಹಿಗಳನ್ನು ಸಾಹಿತ್ಯವಿಚಾರಕ್ಕೆ ತಕ್ಕ ವಸ್ತುವೆಂದು ಎಣಿಸುವವರು ನಮ್ಮ ವಿದ್ವಜ್ಜನರಲ್ಲಿ ವಿರಳ. ಎಣಿಸುವ ಕೆಲವರೂ ಅವುಗಳಲ್ಲಿನ ಹಾಡುಗಳ ಮಾತು ಬಂದೊಡನೆ, ಇದು ಸಿನಿಮಾದಿಂದ ಅಂಟಿದ ಚಾಳಿ, ಸಂಸಾರಿಗಳು ಮನೆಯೊಳಗೆ ಹೀಗೆ ಹಾಡುವುದುಂಟೆ, ಎಂದು ಹೇಳಿ ವಿಚಾರವನ್ನು ಮುಗಿಸಿಬಿಡುವರು. ಈ ತೀರ್ಪು ಸರಿಯಲ್ಲವೆಂದು ನಮಗೆ ತೋರುತ್ತದೆ. ದೋಷವಿಲ್ಲವೆಂದು ನಮ್ಮ ವಾದವಲ್ಲ. ದೋಷವಿರುವ ಎಡೆ ಬೇರೆ. ಹಾಡು ಹೆಚ್ಚಾದುದು ದೋಷವಲ್ಲ, ಪಾತ್ರದ ಬಾಯಿಂದ ಹಾಡು ತಪ್ಪಿಹೋದುದು ದೋಷ.

ಈಚೆಗೆ ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ ಬಂಧುಗಳ ಮನೆಯೊಂದರಲ್ಲಿ ಕೆಲವು ದಿನ ತಂಗುವ ಸಂದರ್ಭ ಒದಗಿತು. ಮಧ್ಯಾಹ್ನದ ಹೊತ್ತು, ಹಿಂದಿನ ರಾತ್ರಿಯ ಧಾರಾವಾಹಿಗಳೇ ಮರಳಿ ಬರುವ ವೇಳೆಯಲ್ಲಿ, ಮನೆಯ ಹೆಂಗಸರು ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತ ಅವನ್ನು ನೋಡುತ್ತಿದ್ದರು. ನಾವೂ ಒಂದು ಮೂಲೆಯಲ್ಲಿ ಕುಳಿತು ನೋಡಿದೆವು. ಅಲ್ಲಿ ಕೇಳಿಬಂದ ಹಾಡುಗಳಲ್ಲಿ ಬಹುಪಾಲು ಯಾವ ಪಾತ್ರವೂ ಹಾಡಿದುವಲ್ಲ. ನಾಯಿಕೆ ಬಾಗಿಲಿಗೆ ಒರಗಿ ನಿಂತಿರುವಳು, ಕಣ್ಣಲ್ಲಿ ನೀರು, ಎಲ್ಲಿಂದಲೋ ಒಂದು ಕಂಠವು ಅವಳ ದುಃಖವನ್ನು ಎರಡು ಸಾಲಿನಲ್ಲಿ ಹಾಡುವುದು. ಆಕೆಯ ತುಟಿ ಅಲುಗದು.

ಇಂಥ ಹಾಡು ಸಿನಿಮಾದ ಸೃಷ್ಟಿಯೆನ್ನುವವರು ನಾಟ್ಯಶಾಸ್ತ್ರದ ಧ್ರುವಾಧ್ಯಾಯವನ್ನು ಮರೆತಿರುವರು. ಪ್ರಾವೇಶಿಕೀ, ಆಕ್ಷೇಪಿಕೀ, ಪ್ರಾಸಾದಿಕೀ, ಆಂತರಾ, ನೈಷ್ಕ್ರಾಮಿಕೀ ಎಂದು ಭರತಮುನಿಯು ಹೇಳುವ ಐದು ಬಗೆಯ ಧ್ರುವೆಗಳನ್ನು ಹಾಡುತ್ತಿದ್ದವರು ಪಾತ್ರಧಾರಿಗಳಲ್ಲ, ವಾದ್ಯವೃಂದದೊಡನೆ ಕುಳಿತ ಗಾಯಕ ಗಾಯಿಕೆಯರು. ಪಾತ್ರದ ಪ್ರವೇಶಕ್ಕೊಂದು, ನಿರ್ಗಮನಕ್ಕೊಂದು. ನಡೆಯುತ್ತಿರುವ ರಸವನ್ನು ತಟ್ಟನೆ ಮುರಿದು ಬೇರೊಂದನ್ನು ತರುವುದಕ್ಕೊಂದು. ಕದಡಿದ ಚಿತ್ತವನ್ನು ತಿಳಿಗೊಳಿಸುವುದಕ್ಕೊಂದು. ಹೀಗಿರುವಲ್ಲಿ, ಮನೆಗೆ ಕಾಲಿಡುವ ಅತ್ತೆಗೆ ಪ್ರತಿಸಲವೂ ಒಂದೇ ರಾಗದ ತುಣುಕನ್ನು ನುಡಿಸುವ ಇಂದಿನ ನಿರ್ದೇಶಕನು ತಾನರಿಯದೆಯೇ ಪ್ರಾವೇಶಿಕಿಯನ್ನು ಪ್ರಯೋಗಿಸುತ್ತಿರುವನೆಂದು ಹೇಳಬೇಕು. ಇನ್ನುಳಿದ ಆಂತರೆಯ ಲಕ್ಷಣವು ವಿನೋದಕರವಾಗಿದೆ. ಪಾತ್ರವು ವಿಷಣ್ಣವಾದಾಗ, ಮೂರ್ಛೆಹೋದಾಗ, ಉಡುಗೆತೊಡುಗೆಗಳನ್ನು ಸರಿಪಡಿಸಿಕೊಳ್ಳುವಾಗ, ಪ್ರಯೋಗದಲ್ಲಿ ಉಂಟಾದ ತೆರಪನ್ನು ಮುಚ್ಚುವುದಕ್ಕೆ ಅದನ್ನು ಹಾಡತಕ್ಕದ್ದು. ನಾವು ತಾವರೆಕೆರೆಯಲ್ಲಿ ಕೇಳಿದುವುಗಳಲ್ಲಿ ಮುಕ್ಕಾಲು ಪಾಲು ಆಂತರೆಗಳೇ. ಅವು ಮುಚ್ಚುತ್ತಿದ್ದುದು ಮಾತ್ರ ಪ್ರಯೋಗದ ತೆರಪನ್ನಲ್ಲ, ಬರೆದವನ ತೆರಪನ್ನು.

ಆದರೆ ಸಾಮ್ಯವು ಇಲ್ಲಿಗೇ ನಿಲ್ಲುತ್ತದೆ. ಧ್ರುವೆಯು ಪಾತ್ರದ ದುಃಖವನ್ನು ನೇರವಾಗಿ ಹೇಳುತ್ತಿರಲಿಲ್ಲ. ರಾಜನು ಬರುವಾಗ ಸೂರ್ಯನನ್ನೋ ಆನೆಯನ್ನೋ, ವಿರಹಿಣಿಯ ಎಡೆಯಲ್ಲಿ ಸಂಗಾತಿಯನ್ನಗಲಿದ ಹಂಸೆಯನ್ನೋ ವರ್ಣಿಸಿ, ಮಿಕ್ಕುದನ್ನು ಸಹೃದಯನ ಊಹೆಗೆ ಬಿಡುತ್ತಿತ್ತು. ಅದು ಅನ್ಯೋಕ್ತಿ. ಕಣ್ಣಿಗೆ ಕಾಣುವುದು ಒಂದು, ಕಿವಿಗೆ ಕೇಳುವುದು ಇನ್ನೊಂದು. ಎರಡೂ ಕೂಡಿ ಧ್ವನಿಯಾಗುತ್ತಿತ್ತು. ಧಾರಾವಾಹಿಯ ಹಾಡಾದರೋ, ಅಳುವವಳನ್ನು ತೋರಿಸಿ ಅಳುತ್ತಿರುವಳೆಂದು ಹಾಡುವುದು. ರಸವನ್ನು ಸ್ವಶಬ್ದದಿಂದ ಹೇಳುವುದು ದೋಷವೆಂದು ಆಲಂಕಾರಿಕರು ಎಣಿಸಿರುವರಷ್ಟೆ. ಇಲ್ಲಿ ಆ ದೋಷವು ವಾರಕ್ಕೆ ಐದಾರು ದಿನ ತಪ್ಪದೆ ನಡೆಯುತ್ತಿದೆ.

ಪಾತ್ರವು ತಾನೇ ಹಾಡುವುದು ನಮ್ಮ ಜನಕ್ಕೆ ಹೊಸತೇನೂ ಅಲ್ಲ. ಕರಾವಳಿಯ ಯಕ್ಷಗಾನದಲ್ಲಿ ಹಾಡು ಭಾಗವತನದು, ಕುಣಿತವೂ ಮಾತೂ ವೇಷಧಾರಿಯವು. ತುಮಕೂರು ಸೀಮೆಯ ಮೂಡಲಪಾಯದಲ್ಲಿಯಾದರೆ ವೇಷಧಾರಿಯೂ ಭಾಗವತನೊಡನೆ ದನಿಗೂಡಿಸುವನು. ಇದೇ ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಯನ್ನು ನಡೆದುಕೊಳ್ಳುವ ಕಾಡುಗೊಲ್ಲರಲ್ಲಿ, ಗಣೆಯೆಂಬ ನೀಳವಾದ ಕೊಳಲನ್ನು ಊದಿ, ಊದುವುದನ್ನು ನಿಲ್ಲಿಸಿ ಹಾಡಿ, ಮತ್ತೆ ಊದಿ ಜುಂಜಪ್ಪನ ಕಥೆಯನ್ನು ನಡೆಸುವ ಸಂಪ್ರದಾಯವಿದೆ. ಅಲ್ಲಿ ಕಥೆಗಾರನೇ ಕಥಾನಾಯಕನ ಮಾತನ್ನೂ ಹಾಡಿನಲ್ಲಿಯೇ ಆಡುವನು. ೧೮೮೪ರಲ್ಲಿ ಹುಟ್ಟಿದ ಗುಬ್ಬಿಯ ಕಂಪೆನಿಯೂ ಈ ಜಿಲ್ಲೆಯದೇ. ವೃತ್ತಿರಂಗಭೂಮಿಯಲ್ಲಿ ಹಾಡಲಾರದವನು ನಟನೆನಿಸಿಕೊಳ್ಳುವುದೇ ಕಷ್ಟವಾಗಿತ್ತು. ೧೯೩೪ರಲ್ಲಿ ‘ಸತೀ ಸುಲೋಚನಾ’ ಎಂಬ ಮಾತಿನ ಚಿತ್ರವು ಬಂದಾಗಲೂ ನಟರು ಕಂಪೆನಿಯ ಆ ಪದ್ಧತಿಯಂತೆಯೇ ತಮ್ಮ ಕಂಠದಿಂದ ಹಾಡಿದರು. ಮುಖವೊಬ್ಬರದು, ಕಂಠವೊಬ್ಬರದು ಎಂಬ ಏರ್ಪಾಡು ಬಂದುದು ಅನಂತರ. ಗುಬ್ಬಿಯ ಕಂಪೆನಿಯಲ್ಲಿ ಪಳಗಿದ ರಾಜಕುಮಾರರಿಗೂ ಬಹುಕಾಲ ಪಿ. ಬಿ. ಶ್ರೀನಿವಾಸರ ಕಂಠವಿದ್ದಿತು, ೧೯೭೪ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ಮುಂದೆ ಅವರು ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರು. ಧಾರಾವಾಹಿಯು ಈ ವಿಯೋಗವನ್ನು ಇನ್ನೊಂದು ಹೆಜ್ಜೆ ಮುಂದೊಯ್ದಿದೆ. ಸಿನಿಮಾದಲ್ಲಿ ನಾಯಿಕೆ ಎರವಿನ ಕಂಠಕ್ಕೆ ತುಟಿಯನ್ನಾದರೂ ಆಡಿಸುತ್ತಿದ್ದಳು. ಇಲ್ಲಿ ಅದೂ ಇಲ್ಲ.

ಪಾತ್ರಗಳು ಹಾಡುವ ಸಂದರ್ಭಗಳು ಧಾರಾವಾಹಿಗಳಲ್ಲಿ ಸರ್ವಥಾ ಇಲ್ಲವೆನ್ನಲಾಗದು. ದೇವರ ಮನೆಯೊಂದು, ಹೆಣ್ಣು ನೋಡುವ ಶಾಸ್ತ್ರವೊಂದು, ಈ ಎರಡು ಎಡೆಗಳಲ್ಲಿ ಹಾಡು ಬರುತ್ತದೆ. ಎರಡಕ್ಕೂ ನಮ್ಮ ರೂಪಕಗಳಲ್ಲಿ ಘನವಾದ ಪೂರ್ವೋದಾಹರಣೆಗಳಿರುವುದರಿಂದ ಇವುಗಳನ್ನು ಕೊಂಚ ನಿಧಾನವಾಗಿ ನೋಡಬೇಕು. ‘ನಾಗಾನಂದ’ದ ಮೊದಲನೆಯ ಅಂಕದಲ್ಲಿ ಮಲಯವತಿ ಗೌರಿಯ ಗುಡಿಯಲ್ಲಿ ವೀಣೆ ನುಡಿಸುತ್ತ ಹಾಡುವಳು. ಅವಳು ಹಾಡುತ್ತಿರುವುದು ದೇವಿಗಾಗಿ. ಮರೆಯಲ್ಲಿ ನಿಂತು ಕೇಳುವವನು ಜೀಮೂತವಾಹನ. ಕಥೆಯೆಲ್ಲವೂ ಆ ಕೇಳುವಿಕೆಯಿಂದ ಮುಂದುವರಿಯುವುದು. ಧಾರಾವಾಹಿಯ ಸೊಸೆ ದೇವರ ಮುಂದೆ ಹಾಡುವಾಗ ಮನೆಮಂದಿಯೆಲ್ಲ ಬಂದು ಸಾಲಾಗಿ ನಿಂತು ಕೇಳುವರು, ತಲೆದೂಗುವರು. ಮರುದಿನ ಅವರವರ ಹಗೆ ಅವರವರಿಗೆ ಇದ್ದಂತೆಯೇ ಇರುವುದು. ‘ಶಾಕುಂತಲ’ದ ಐದನೆಯ ಅಂಕದ ಆರಂಭವನ್ನು ಇದರ ಪಕ್ಕದಲ್ಲಿಡಿ. ಹಂಸಪದಿಕೆ ರಂಗದ ಮೇಲೆ ಬರುವುದೇ ಇಲ್ಲ. ತೆರೆಯ ಹಿಂದಿನಿಂದ ಅವಳ ಹಾಡೊಂದೇ ಕೇಳಿಬರುವುದು. ಮಾವಿನ ಹೂವನ್ನು ಮರೆತ ದುಂಬಿಯನ್ನು ಅದು ನಿಂದಿಸುವುದು. ಇದು ತನಗೆ ಬಂದ ಮೂದಲೆಯೆಂದು ದುಷ್ಯಂತನು ಅರಿಯುವನು, ಆದರೂ ಕಾರಣ ತಿಳಿಯದೆ ಅವನ ಮನಸ್ಸು ಕಲಕುವುದು. ಅಂತಃಪುರದಲ್ಲಿ ಕಡೆಗಣಿಸಲ್ಪಟ್ಟ ಹೆಂಗಸಿಗೆ ದೂರು ಹೇಳುವ ಬೇರೆ ದಾರಿಯಿಲ್ಲ, ಹಾಡಿದಳು. ಕಡೆಗಣಿಸಲ್ಪಟ್ಟ ಸೊಸೆಯರನ್ನೇ ಬಂಡವಾಳ ಮಾಡಿಕೊಂಡ ಧಾರಾವಾಹಿಕಾರರಿಗೆ ಈ ಒಂದು ಉಪಾಯ ಹೊಳೆಯದಿರುವುದು ಆಶ್ಚರ್ಯ.

ಹೆಣ್ಣು ನೋಡುವ ಶಾಸ್ತ್ರದ ಹಾಡಿಗೆ ಮೂಲಪುರುಷನು ‘ಮಾಲವಿಕಾಗ್ನಿಮಿತ್ರ’ದ ಎರಡನೆಯ ಅಂಕ. ಹೆಸರಿಗೆ ಅದು ಇಬ್ಬರು ನಾಟ್ಯಾಚಾರ್ಯರ ವಿದ್ಯಾಪರೀಕ್ಷೆ. ನಿಜವಾಗಿ ಅರಸನಿಗೆ ಕನ್ನಿಕೆಯನ್ನು ತೋರಿಸುವ ಹೂಟ. ಮಾಲವಿಕೆಯು ಚಲಿತವೆಂಬ ನೃತ್ಯಕ್ಕೆ ಹಾಡುವ ಹಾಡಿನಲ್ಲಿ ದುರ್ಲಭನಾದ ಪ್ರಿಯನನ್ನು ಕುರಿತ ಮಾತಿದೆ, ಅದು ತನಗೇ ಸಂದ ನಿವೇದನವೆಂದು ಅಗ್ನಿಮಿತ್ರನು ಗ್ರಹಿಸುವನು. ಸಭೆಗೆ ಪಾಠ, ಒಬ್ಬನಿಗೆ ಪತ್ರ. ನಮ್ಮ ಮನೆಗಳಲ್ಲಿಯೂ ‘ಹುಡುಗಿಗೆ ಹಾಡಲು ಬರುತ್ತದೆಯೇ?’ ಎಂಬ ಪ್ರಶ್ನೆಗೆ ಉತ್ತರವಾಗಿ ಎಷ್ಟೋ ಹೆಣ್ಣುಮಕ್ಕಳು ಯಾವ ಹಾಡನ್ನು ಆರಿಸಿಕೊಂಡರೆಂಬುದರಲ್ಲಿಯೇ ಒಪ್ಪಿಗೆಯನ್ನೋ ಅಸಮ್ಮತಿಯನ್ನೋ ಸೂಚಿಸಿದ್ದುಂಟು. ಬಾಯ್ದೆರೆದು ಹೇಳಲಾಗದ ಕಾಲದಲ್ಲಿ ಆಯ್ಕೆಯೇ ಮಾತು. ತಾವರೆಕೆರೆಯಲ್ಲಿ ನಾವು ನೋಡಿದ ಒಂದು ಕಂತಿನಲ್ಲಿ ಹುಡುಗಿ ಒಂದು ದೇವರನಾಮವನ್ನು ಹಾಡತೊಡಗಿದಳು. ಪಲ್ಲವಿ ಮುಗಿಯಿತು. ಹುಡುಗನ ಮುಖ, ಅವನ ತಾಯಿಯ ಮುಖ, ಬೊಟ್ಟು ಮಾಡುವ ನಾದಿನಿಯ ಮುಖ ಇಷ್ಟೂ ಬಂದುವು. ಚರಣವು ಬರಲಿಲ್ಲ, ಸಾಬೂನಿನ ಜಾಹೀರಾತು ಬಂದಿತು. ಆಗ ಕಡಲೆಕಾಯಿ ಸುಲಿಯುತ್ತಿದ್ದ ಮುದುಕಿಯೊಬ್ಬಳು ತಲೆಯೆತ್ತದೆಯೇ ಆ ದೇವರನಾಮದ ಚರಣಗಳನ್ನೆಲ್ಲ ಕೊನೆಯ ಅಂಕಿತದವರೆಗೆ ಮೆಲುದನಿಯಲ್ಲಿ ಹೇಳಿಕೊಂಡಳು. ‘ಅವಳಿಗೆ ಪೂರ್ತಿ ಬರೋದಿಲ್ಲವೇನೋ ಕಣಮ್ಮ’ ಎಂದು ಪಕ್ಕದ ಸೊಸೆಗೆ ಹೇಳಿದಳು. ಇದಕ್ಕಿಂತ ನೆಟ್ಟಗಿನ ವಿಮರ್ಶೆಯನ್ನು ನಾವು ಬರೆಯಲಾರೆವು.

ಧಾರಾವಾಹಿಯು ಲೋಕಧರ್ಮಿ, ಗಾನವು ನಾಟ್ಯಧರ್ಮಿ, ಆದುದರಿಂದ ಎರಡೂ ಕೂಡವೆಂದು ಆಕ್ಷೇಪಿಸಬಹುದು. ಹಿನ್ನೆಲೆಯಲ್ಲಿ ಅಶರೀರವಾದ ಕಂಠವನ್ನು ಒಪ್ಪಿಕೊಂಡವನು ನಾಟ್ಯಧರ್ಮಿಯನ್ನು ಆಗಲೇ ಒಪ್ಪಿದಂತಾಯಿತು. ಪಾತ್ರಕ್ಕೆ ಮಾತ್ರ ಅದನ್ನು ನಿಷೇಧಿಸುವುದು ಯಾವ ನ್ಯಾಯ? ಇದರಿಂದ ಪಾರಾಗಲು ಕೆಲವರು ಪಾತ್ರವನ್ನೇ ಗಾಯಕನನ್ನಾಗಿ ಕಲ್ಪಿಸುವರು. ೨೦೨೩ರಲ್ಲಿ ಕಲರ್ಸ್ ಕನ್ನಡ ವಾಹಿನಿಯಲ್ಲಿ ಆರಂಭವಾದ ‘ಲಕ್ಷ್ಮೀ ಬಾರಮ್ಮ’ದ ನಾಯಕ ವೈಷ್ಣವನು ವೃತ್ತಿಯಿಂದ ಗಾಯಕನು. ಉಪಾಯವೇನೋ ಒಳ್ಳೆಯದೇ. ಆದರೆ ಹಾಡುವುದು ಉದ್ಯೋಗವಾದವನ ಹಾಡಿನಲ್ಲಿ ಅವನ ಅಂತರಂಗವನ್ನು ಕಾಣಿಸುವುದು ಇನ್ನೂ ಕಷ್ಟ. ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ರೇಭಿಲನ ಗಾನವನ್ನು ಕೇಳಿ ನಡುರಾತ್ರಿ ಮನೆಗೆ ಬರುವ ಚಾರುದತ್ತನ ಮಾತಿನಲ್ಲಿ ಆ ಗಾನವು ಇನ್ನೂ ನಡೆಯುತ್ತಿರುವಂತಿದೆ, ರೇಭಿಲನನ್ನು ಕವಿ ನಮಗೆ ತೋರಿಸಲೇ ಇಲ್ಲ. ಗಾಯಕನಿಗಿಂತ ಕೇಳಿದವನು ಮುಖ್ಯನೆಂದು ಶೂದ್ರಕನಿಗೆ ತಿಳಿದಿತ್ತು.

ದಿನಕ್ಕೊಂದು ಕಂತು ಸಿದ್ಧವಾಗಬೇಕು, ಪಾತ್ರಕ್ಕೆ ಹಾಡು ಕಲಿಸುವ ವ್ಯವಧಾನವಿಲ್ಲ, ನಟಿಯರಿಗೆ ಕಂಠವಿಲ್ಲ, ಅನೇಕ ವೇಳೆ ಅವರ ಮಾತನ್ನೇ ಬೇರೆಯವರು ಆಡಬೇಕಾಗಿದೆ ಎಂಬ ಸಮಾಧಾನವನ್ನೂ ಕೇಳಿದ್ದೇವೆ. ಕಾಲದ ಮಾತು ನಿಲ್ಲದು; ಒಂದು ಮುಖದ ಬೆರಗನ್ನು ಮೂರು ಸಾರಿ ಹೊರಳಿಸಿ ತೋರಿಸುವಷ್ಟರಲ್ಲಿ ಒಂದು ಚರಣ ಮುಗಿಯುತ್ತದೆ. ಕಂಠದ ಮಾತಂತೂ ತೀರ ತಿರುಗುಮುರುಗಾಗಿದೆ. ಧ್ವನಿವರ್ಧಕವಿಲ್ಲದ ಕಾಲದ ಕಂಪೆನಿಯ ನಟನು ಕೊನೆಯ ಸಾಲಿನ ನೆಲದ ಮೇಲೆ ಕುಳಿತವನಿಗೂ ಕೇಳುವಂತೆ ಹಾಡಬೇಕಾಗಿತ್ತು. ಸಾಧಿಸಿದ ಶಾರೀರವಿಲ್ಲದವನಿಗೆ ಅದು ಸಾಧ್ಯವಿರಲಿಲ್ಲ. ಟೆಲಿವಿಷನ್ನಿನಲ್ಲಿ ಧ್ವನಿಗ್ರಾಹಕವು ನಟಿಯ ಬಾಯಿಯ ಹತ್ತಿರದಲ್ಲಿಯೇ ಇರುತ್ತದೆ; ಗುನುಗಿದರೆ ಸಾಕು, ನಡುಮನೆಯಲ್ಲಿ ಕುಳಿತವರಿಗೆ ಕೇಳಿಸುತ್ತದೆ. ಅಕ್ಕಿ ಆರಿಸುವವಳು, ಕೂಸನ್ನು ಮಲಗಿಸುವವಳು, ಗಂಡನಿಗೆ ಕಾದು ಕುಳಿತವಳು ಹಾಡಿಕೊಳ್ಳುವ ಶ್ರುತಿ ತುಸು ತಪ್ಪಿದ ಹಾಡನ್ನು ರಂಗದ ಮೇಲೆ ತರಲು ಹಿಂದಿನವರಿಗೆ ಸಾಧನವಿರಲಿಲ್ಲ, ಈಗಿನವರಿಗೆ ಇದೆ. ತಾವರೆಕೆರೆಯ ಆ ಮುದುಕಿಯ ದನಿಯು ಸಂಗೀತಸಭೆಯಲ್ಲಿ ಸಲ್ಲುವಂಥದಲ್ಲ, ಎರಡೆಡೆಯಲ್ಲಿ ಉಸಿರು ಸಾಲದೆ ಮುರಿಯಿತು. ಹೆಣ್ಣು ನೋಡಲು ಬಂದವರ ಮುಂದೆ ಕುಳಿತ ಹುಡುಗಿಯ ಪಾತ್ರಕ್ಕೆ ಬೇಕಾದುದು ಅಂಥ ದನಿಯೇ.