ಅಶ್ವಪತನ ಮತ್ತು ಮೃಗಯೆ: ಶ್ರೇಣಿಕಕಥೆಯ ಎರಡು ಸಂದರ್ಭಗಳು

ಗದಗು ಸೀಮೆಯ ಅಸುಂಡಿಯಲ್ಲಿ ದೊರೆತ ಕ್ರಿ.ಶ. 925ರ ಶಾಸನವು ರಾಷ್ಟ್ರಕೂಟ ನಾಲ್ಕನೆಯ ಗೋವಿಂದನ ಕಾಲದ್ದು. ಬಂಕಾಪುರದ ಧೋರಜಿನಾಲಯದ ಚಂದ್ರಪ್ರಭ ಭಟಾರರ ಹೆಸರನ್ನು ಅದು ಉಳಿಸಿಕೊಂಡಿದೆ. ಅದೇ ಸೀಮೆಯ ಮುಳಗುಂದದಲ್ಲಿ ನಯಸೇನನು 1112ರಲ್ಲಿ ಧರ್ಮಾಮೃತವನ್ನು ರಚಿಸಿದನು. ಶ್ರಾವಕಾಚಾರವು ಬೇಟೆಯನ್ನು ಸಪ್ತವ್ಯಸನಗಳಲ್ಲಿ ಎಣಿಸಿ ನಿಷೇಧಿಸುತ್ತಿದ್ದ ಆ ಕಾಲದ ಕನ್ನಡನಾಡಿನಲ್ಲಿ ಅದೇ ಬೇಟೆ ವೀರರ ಲಕ್ಷಣವೂ ಆಗಿದ್ದಿತು. ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಗೆ ಕಲ್ಲು ನಿಲ್ಲಿಸಿದ ಸಂಗತಿಯನ್ನು 949-50ರ ಆತಕೂರು ಶಾಸನವು ತಿಳಿಸುತ್ತದೆ. ಆ ನಾಯಿಯನ್ನು ಮಣಲೆರನಿಗೆ ಕೊಟ್ಟ ಗಂಗ ಇಮ್ಮಡಿ ಬೂತುಗನು ಜೈನಧರ್ಮಕ್ಕೆ ಆಶ್ರಯವಿತ್ತ ಅರಸು. ಕುದುರೆ, ನಾಯಿ, ಬೇಟೆ ಇವು ಜೈನಕಥೆಯಲ್ಲಿ ಬಂದಾಗ ಅವುಗಳ ಅರ್ಥವನ್ನು ಈ ವೈರುಧ್ಯದ ಹಿನ್ನೆಲೆಯಲ್ಲಿಯೇ ಅರಿಯಬೇಕು.

ಶ್ರೇಣಿಕನ ವೃತ್ತಾಂತವು ಇದಕ್ಕೆ ಉತ್ತಮ ನಿದರ್ಶನ. ಅವನ ತಂದೆ ಉಪಶ್ರೇಣಿಕನಿಗೆ ಶತ್ರುರಾಜನು ದುಷ್ಟಾಶ್ವವೊಂದನ್ನು ಕಾಣಿಕೆಯಾಗಿ ಕಳುಹಿಸುತ್ತಾನೆ. ಅರಸನು ಏರಿದೊಡನೆ ಅದು ಅವನನ್ನು ಘೋರಾರಣ್ಯಕ್ಕೆ ಒಯ್ಯುತ್ತದೆ. ಶ್ರೇಣಿಕಚರಿತ್ರದ ಪರಂಪರೆಯಲ್ಲಿ ಗುಂಡಿಯೊಂದರಲ್ಲಿ ಕೆಡಹುತ್ತದೆ. ಅಲ್ಲಿ ಯಮದಂಡನ ಮಗಳಾದ ತಿಲಕಾವತಿಯನ್ನು ಕಂಡು ಮೋಹಗೊಂಡ ಅರಸನು, ಅವಳಲ್ಲಿ ಹುಟ್ಟುವ ಮಗನಿಗೇ ರಾಜ್ಯವೆಂದು ಮಾತು ಕೊಡುತ್ತಾನೆ. ಆ ಮಗನೇ ಚಿಲಾತಪುತ್ರ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ಅವನದು. ಕುದುರೆಯನ್ನು ಇಲ್ಲಿ ನಾಯಕನನ್ನು ಕಾಡಿಗೆ ಸೇರಿಸುವ ಕಥಾಯಂತ್ರವೆಂದಷ್ಟೇ ಎಣಿಸಿ ಮುಂದುವರಿಯುವುದು ಸುಲಭ. ಆದರೆ ಗುಂಡಿಯಿಂದ ಎದ್ದ ಅರಸನು ರಾಗದಿಂದ ಏಳಲಿಲ್ಲವೆಂಬುದನ್ನು ಗಮನಿಸಬೇಕು. ದೇಹದ ಪತನ ಅವನಿಗೆ ಏನನ್ನೂ ಕಲಿಸಲಿಲ್ಲ.

ಮಗನ ಕಥೆ ಇದಕ್ಕೆ ಪ್ರತಿಯಾಗಿ ನಿಂತಿದೆ. ಬೇಟೆಗೆ ಹೊರಟ ಶ್ರೇಣಿಕನು ಧ್ಯಾನಸ್ಥರಾದ ಯಶೋಧರ ಮುನಿಗಳ ಮೇಲೆ ಐನೂರು ನಾಯಿಗಳನ್ನು ಬಿಡುತ್ತಾನೆ. ಅವು ಮುನಿಯ ಸನ್ನಿಧಿಯಲ್ಲಿ ಶಾಂತವಾಗುತ್ತವೆ. ಕೋಪಗೊಂಡ ಅರಸನು ಸತ್ತ ಹಾವನ್ನು ಮುನಿಯ ಕೊರಳಿಗೆ ಹಾಕುತ್ತಾನೆ. ಅವನು ಎಲ್ಲಿಯೂ ಬೀಳಲಿಲ್ಲ, ಮೈಗೆ ಗಾಯವಾಗಲಿಲ್ಲ, ಕುಶಲನಾಗಿಯೇ ಅರಮನೆಗೆ ಮರಳಿದನು. ಆದರೆ ಆ ಕ್ಷಣದಲ್ಲಿಯೇ ಏಳನೆಯ ನರಕದ ಮೂವತ್ತಮೂರು ಸಾಗರೋಪಮದ ಆಯುಷ್ಯವು ಬಂಧವಾಯಿತೆಂದು ಕಥೆ ಹೇಳುತ್ತದೆ. ಚೇಲನೆಯೊಡನೆ ಮರಳಿ ಬಂದಾಗ ಮುನಿಗಳು ಉಪಸರ್ಗವನ್ನು ನೀಗಿಸಿದ ರಾಣಿಗೂ ಉಪಸರ್ಗ ಮಾಡಿದ ಅರಸನಿಗೂ ಸಮನಾಗಿ ಧರ್ಮವೃದ್ಧಿಯನ್ನು ಹರಸುತ್ತಾರೆ. ಅರಸನ ಗರ್ವವು ಕರಗುವುದು ಈ ಸಮತೆಯ ಮುಂದೆಯೇ. ಮುಂದೆ ಕ್ಷಾಯಿಕಸಮ್ಯಕ್ತ್ವದ ಬಲದಿಂದ ಅವನ ನರಕಾಯುಷ್ಯವು ಮೊದಲನೆಯ ನರಕದ 84,000 ವರ್ಷಗಳಿಗೆ ಇಳಿಯುತ್ತದೆ. ಆದರೂ ಅದು ಅಳಿಯುವುದಿಲ್ಲ. ಭಾವಿ ತೀರ್ಥಂಕರನಿಗೂ ಅದರಿಂದ ವಿನಾಯಿತಿಯಿಲ್ಲ. ಕಟ್ಟಿದ ಆಯುಕರ್ಮದ ಸ್ಥಿತಿ ತಗ್ಗಬಹುದು, ಗತಿ ತಪ್ಪದು ಎಂಬ ಸಿದ್ಧಾಂತವನ್ನು ಕಥೆಯು ತನ್ನ ಪ್ರಿಯನಾಯಕನಿಗಾಗಿ ಸಡಿಲಿಸಿಲ್ಲ. ಅದರ ಗಾಂಭೀರ್ಯವಿರುವುದು ಈ ನಿಷ್ಠುರತೆಯಲ್ಲಿ.

ಶ್ವೇತಾಂಬರ ಆಗಮವಾದ ಉತ್ತರಾಧ್ಯಯನದ ಎರಡು ಅಧ್ಯಯನಗಳು ಈ ವಿಚಾರವನ್ನು ಇನ್ನಷ್ಟು ವಿಶದಗೊಳಿಸುತ್ತವೆ. 23ನೆಯದರ ಕೇಶಿ-ಗೌತಮ ಸಂವಾದದಲ್ಲಿ ದುಷ್ಟಾಶ್ವವೆಂದರೆ ಮನಸ್ಸೇ. ಅದನ್ನು ನಿಗ್ರಹಿಸುವುದು ಧರ್ಮಶಿಕ್ಷಣ. 18ನೆಯದರಲ್ಲಿ ಕಾಂಪಿಲ್ಯದ ಸಂಜಯರಾಜನು ಕುದುರೆಯೇರಿ ಜಿಂಕೆಗಳನ್ನು ಬೆನ್ನಟ್ಟಿ ಕೊಂದು, ಅಲ್ಲಿಯೇ ಗರ್ದಭಾಲಿ ಮುನಿಗಳನ್ನು ಕಂಡು ಬೆದರಿ, ಕುದುರೆಯಿಂದ ಇಳಿದು ಕ್ಷಮೆ ಬೇಡುತ್ತಾನೆ. ಮುನಿಗಳು ಅವನಿಗೆ ಅಭಯವನ್ನು ಕೊಟ್ಟು, ಅವನೂ ಅಭಯದಾತನಾಗಬೇಕೆಂದು ಬೋಧಿಸುತ್ತಾರೆ. ಅವನು ದೀಕ್ಷೆ ಪಡೆಯುತ್ತಾನೆ. ಹೀಗೆ ಉಪಶ್ರೇಣಿಕನನ್ನು ಕುದುರೆ ಕೆಡಹಿತು. ಶ್ರೇಣಿಕನು ಬೀಳದೆಯೇ ಪತಿತನಾದನು. ಸಂಜಯನು ತಾನಾಗಿ ಇಳಿದನು. ಹೊರಗಿನ ಪತನ, ಒಳಗಿನ ಪತನ, ಸ್ವಯಂ ಅವರೋಹಣ ಈ ಮೂರೂ ಬೇರೆ ಬೇರೆ ಎಂಬ ವಿವೇಕವೇ ಇಲ್ಲಿಯ ಸಾರ.

ಹಸ್ತಪ್ರತಿಗಳ ಪರಿಷ್ಕರಣದಲ್ಲಿಯೂ ಈ ವಿವೇಕವು ಅಗತ್ಯ. ‘ಅರಸನು ಕಾಡಿನಲ್ಲಿ ಕುದುರೆಯಿಂದ ಬಿದ್ದನು’ ಎಂದು ಕಥಾಸಾರವನ್ನು ಒಂದೇ ವಾಕ್ಯಕ್ಕೆ ಇಳಿಸಿದರೆ ಅಶ್ವಾಪಹರಣ, ಅಶ್ವಪತನ, ಅವರೋಹಣಗಳ ಭೇದವು ಅಳಿದುಹೋಗುತ್ತದೆ. ಕುದುರೆಯು ಅರಸನನ್ನು ಒಯ್ದುದನ್ನಷ್ಟೇ ಹೇಳುವ ಪ್ರತಿಗೆ ಬೇರೊಂದು ಪರಂಪರೆಯ ಗುಂಡಿಯನ್ನು ತಂದು ತುಂಬುವುದು ಪಾಠಶೋಧನೆಯಲ್ಲ. ಅದು ಹೊಸ ಕಥೆಯನ್ನು ಕಟ್ಟಿದಂತೆ. ಓಲೆಯಲ್ಲಿರುವ ಕ್ರಿಯಾಪದವನ್ನು ಇದ್ದಂತೆಯೇ ಉಳಿಸಬೇಕು. ಅರಸನು ಬಿದ್ದನೋ, ಒಯ್ಯಲ್ಪಟ್ಟನೋ, ಇಳಿದನೋ ಎಂಬುದರ ಮೇಲೆಯೇ ಅವನ ಜೀವದ ಗತಿಯನ್ನು ಕಥೆಗಾರನು ನಿಲ್ಲಿಸಿದ್ದಾನೆ.